ಕೃಪೆ, ಕರುಳು, ಹಕ್ಕಲು

"ಹಳೆಯ ಒಡಂಬಡಿಕೆಯ ದೇವರು ಸಿಟ್ಟಿನವ, ಹೊಸ ಒಡಂಬಡಿಕೆಯ ದೇವರು ದಯಾಳು." ಈ ಮಾತನ್ನು ನೀವೂ ಕೇಳಿರಬಹುದು. ಕ್ರೈಸ್ತರಲ್ಲೇ ಎಷ್ಟೋ ಜನ ಹೀಗೆ ಅಂದುಕೊಂಡಿದ್ದಾರೆ. ಇದು ಇಂದು ನಿನ್ನೆಯ ಮಾತಲ್ಲ. ಎರಡನೆಯ ಶತಮಾನದ ಮಾರ್ಸಿಯನ್ ಎಂಬಾತ, ಇವು ಎರಡು ಬೇರೆ ಬೇರೆ ದೇವರುಗಳೇ ಎಂದು ವಾದಿಸಿ ಯೆಹೂದ್ಯರ ಗ್ರಂಥಗಳನ್ನೇ ಕೈಬಿಟ್ಟ. ಕ್ರಿ.ಶ. 144ರ ಸುಮಾರಿಗೆ ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ಅವನ ವಿಚಾರ ಮಾತ್ರ ಪೂರ್ತಿ ಹೊರಗೆ ಹೋಗಲಿಲ್ಲ! ಯೆಹೂದ್ಯರ ದೇವರು ಕ್ರೂರಿ ಅನ್ನುವ ಮಾತು, ಯೆಹೂದ್ಯರನ್ನೇ ಕೀಳಾಗಿ ಕಾಣುವುದಕ್ಕೆ ಎಷ್ಟೋ ಕಾಲ ನೆಪವಾಯಿತು.

ಕನ್ನಡದಲ್ಲಿ ಬೈಬಲ್ ಓದುವವರಿಗೆ ಹೀಗೆ ಅನ್ನಿಸಬಾರದು ಎನ್ನುವುದು ನನ್ನ ವಾದ. ಅದಕ್ಕೆ ಸ್ವಲ್ಪ ಇತಿಹಾಸ ನೋಡೋಣ.

ಇಡೀ ಬೈಬಲ್ ಮೊದಲು ಕನ್ನಡಕ್ಕೆ ಬಂದದ್ದು ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ಆ ಕೆಲಸ 1831ಕ್ಕೆ ಮುಗಿಯಿತು. ಮುಂದೆ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. 1853ರಲ್ಲಿ ಬಂದ ಕಿಟೆಲ್ ಮೊದಲ ವರ್ಷಗಳನ್ನು ಕಳೆದದ್ದು ನಮ್ಮ ಧಾರವಾಡದಲ್ಲೇ. 1894ರ ನಿಘಂಟಿನಿಂದ ಅವರ ಹೆಸರು ಮನೆಮಾತಾಯಿತು.

ದೇವರ ದಯೆಯನ್ನು ಹೇಳುವುದಕ್ಕೆ ಇವರು ಹೊಸ ಪದ ಹುಟ್ಟಿಸಬೇಕಾಗಿ ಬರಲಿಲ್ಲ. ದಯೆ, ಕೃಪೆ, ಕರುಣೆ... ಶರಣರೂ ದಾಸರೂ ಈ ಪದಗಳನ್ನು ಮೊದಲೇ ಜನರ ಬಾಯಿಗೆ ತಂದಿದ್ದರು.

ಈಗ ಹೀಬ್ರೂ ಕಡೆ ಬರೋಣ. ಅಲ್ಲಿ 'ಹೆಸೆದ್' ಎಂಬ ಪದ ಸುಮಾರು 250 ಸಲ ಬರುತ್ತದೆ. ಕೊಟ್ಟ ಮಾತಿಗೆ, ಕೂಡಿದ ಸಂಬಂಧಕ್ಕೆ ತಪ್ಪದೆ ತೋರಿಸುವ ಪ್ರೀತಿ ಎಂದು ಅದರ ಅರ್ಥ. 136ನೆಯ ಕೀರ್ತನೆಯ 26 ವಚನಗಳೂ ಇದೇ ಪದದ ಪಲ್ಲವಿಯಿಂದ ಮುಗಿಯುತ್ತವೆ. 1611ರ ಇಂಗ್ಲಿಷ್ ಅನುವಾದದಲ್ಲಿ ಅಲ್ಲಿ ಇರುವುದು 'ಮರ್ಸಿ'. ಪೌಲನ ಪತ್ರಗಳಲ್ಲಿ ಬರುವುದು 'ಗ್ರೇಸ್'. ಎರಡು ಪದ ಕಂಡವನಿಗೆ ಎರಡು ಸಂಗತಿ ಅನ್ನಿಸುವುದು ಸಹಜ. ನಮ್ಮಲ್ಲಿ ಬಳಕೆಯಲ್ಲಿರುವ ಸತ್ಯವೇದದಲ್ಲಿ ಎರಡೂ ಕಡೆ 'ಕೃಪೆ'! ಎಲ್ಲ ಕಡೆಯೂ ಹೀಗೇ ಅಂತಲ್ಲ, 'ಹೆಸೆದ್' ಕೆಲವೆಡೆ ಪ್ರೀತಿ, ದಯೆ ಎಂದೂ ಆಗಿದೆ. ಆದರೂ ದಾವೀದನಿಂದ ಪೌಲನವರೆಗೆ ಒಂದು ಎಳೆ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಪದ 'ರಹಮೀಮ್', ಕನಿಕರ. ಇದು 'ರೆಹೆಮ್', ಅಂದರೆ ಗರ್ಭ ಎನ್ನುವ ಪದದ ನಂಟಿನದು. ನಮ್ಮಲ್ಲಿ 'ಹೆತ್ತ ಕರುಳು' ಅನ್ನುವುದಿಲ್ಲವೆ? ಹಾಗೆ. (ಕರುಳು ಅಚ್ಚಗನ್ನಡ, ಕರುಣೆ ಸಂಸ್ಕೃತ, ಬೇರು ಬೇರೆ. ಆದರೆ ನಮ್ಮ ಕಿವಿಗೆ ಎರಡೂ ಹತ್ತಿರ ಹತ್ತಿರವೇ.)

ದಯೆ ಬರೀ ಮಾತಾಗಿ ಉಳಿದಿಲ್ಲ ಅನ್ನುವುದಕ್ಕೆ ರೂತಳ ಕಥೆ ನೋಡಿ. ಹೊಲದ ಅಂಚಿನವರೆಗೂ ಕೊಯ್ಯಬೇಡ, ಬಿದ್ದ ತೆನೆಯನ್ನು ಬಡವನಿಗೂ ಪರದೇಶಿಗೂ ಬಿಡು ಎನ್ನುವುದು ಯಾಜಕಕಾಂಡ 19ರ ಕಟ್ಟಳೆ. ಆ ತೆನೆ ಆಯುವುದಕ್ಕೆ ನಮ್ಮ ಅನುವಾದಕರು ಹೊಲದಿಂದಲೇ ಪದ ತಂದರು: ಹಕ್ಕಲಾಯುವುದು. ಜೋಳದ ಸೀಮೆಯವರಿಗೆ ಇದಕ್ಕಿಂತ ಬೇರೆ ವಿವರಣೆ ಬೇಕೆ?

ರೂತಳು ಗಂಡ ಸತ್ತ ಹೆಣ್ಣುಮಗಳು, ಮೇಲಾಗಿ ಮೋವಾಬಿನವಳು. ಮೋವಾಬ್ಯರಿಗೆ ಇಸ್ರಾಯೇಲರ ಸಭೆಯಲ್ಲಿ ಜಾಗವಿಲ್ಲ ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ಅಂಥವಳು ಅತ್ತೆಯ ಕೈಬಿಡದೆ ಬಂದು, ಬೋವಜನ ಜವೆಗೋದಿ ಹೊಲದಲ್ಲಿ ಹಕ್ಕಲಾಯುತ್ತಾಳೆ. ನಾಲ್ಕೇ ಅಧ್ಯಾಯದ ಪುಸ್ತಕದಲ್ಲಿ 'ಹೆಸೆದ್' ಮೂರು ಸಲ ಬರುತ್ತದೆ. ಅದರಲ್ಲಿ ಒಂದು ಸಲ ಬೋವಜನು ಹೊಗಳುವುದು ದೇವರ ದಯೆಯನ್ನಲ್ಲ, ಈ ಪರದೇಶಿ ಹೆಣ್ಣಿನ ದಯೆಯನ್ನು! ಮುಂದೆ ಇವಳ ಮೊಮ್ಮಗನ ಮಗನೇ ಅರಸ ದಾವೀದ: ಮಗ ಓಬೇದ, ಮೊಮ್ಮಗ ಇಷಯ, ಇಷಯನ ಮಗ ದಾವೀದ. ಮತ್ತಾಯನು ಯೇಸುವಿನ ವಂಶಾವಳಿಯಲ್ಲಿ ಇವಳ ಹೆಸರನ್ನು ಮರೆಯದೆ ಬರೆದ.

ಹಳೆಯ ಒಡಂಬಡಿಕೆಯಲ್ಲಿ ಸಿಟ್ಟು ಇಲ್ಲವೆಂದಲ್ಲ, ಯುದ್ಧ ಶಿಕ್ಷೆ ಬೇಕಾದಷ್ಟಿವೆ. ಆದರೆ ಜನ ಬಂಗಾರದ ಕರು ಮಾಡಿ ಪೂಜಿಸಿದ ಮೇಲೆಯೇ, ತಾನು ಕನಿಕರವುಳ್ಳವನೆಂದು ದೇವರು ಮೋಶೆಗೆ ಹೇಳಿದ್ದು. ಆ ಮಾತು ನಿಜವಾಯಿತೆಂದೇ ಯೋನನು ಕೋಪಿಸಿಕೊಂಡದ್ದು: ಶತ್ರುಗಳ ನಿನೆವೆ ಪಟ್ಟಣ ಉಳಿಯಿತಲ್ಲ ಎಂದು. ದೇವರು ಅಲ್ಲಿನ ದನಗಳನ್ನೂ ಲೆಕ್ಕಕ್ಕೆ ಹಿಡಿದ.

ಒಟ್ಟಿನಲ್ಲಿ ಕ್ರೈಸ್ತರ ಕೃಪೆಯ ಬೇರು ಯೆಹೂದ್ಯರ ಹೊಲದಲ್ಲಿದೆ. ಅದನ್ನು ಮರೆತರೆ ಕೃಪೆ ಎನ್ನುವ ಪದಕ್ಕೇ ಅರ್ಥ ಕಡಿಮೆ.

ಅಂದಹಾಗೆ, ನಿಮ್ಮ ಕಡೆ ಹಕ್ಕಲಿಗೆ ಏನನ್ನುತ್ತಾರೆ? ಈಗಲೂ ಯಾರಾದರೂ ಬಿಡುತ್ತಾರೆಯೆ? ಗೊತ್ತಿದ್ದವರು ತಿಳಿಸಿ.