ಮುಷ್ಟಿಮಲ್ಲರ ಇಳಿಗಾಲ

ಹರಿಹರದಲ್ಲಿ ತುಂಗಭದ್ರೆಯ ದಡ ಒಮ್ಮೆಲೇ ಕುಸಿದಂತೆ ಕಂಡರೂ, ನೀರು ಅದರ ಅಡಿಯನ್ನು ಬಹುಕಾಲದಿಂದ ಕೊರೆದಿರುತ್ತದೆ. ಮಹಾ ಮುಷ್ಟಿಮಲ್ಲರ ಪತನವೂ ಇಂಥದೇ.

ಅಮೆರಿಕದ ಮಹಮ್ಮದ್ ಅಲಿಯನ್ನು ನೋಡಿರಿ. ಯೌವನದಲ್ಲಿ ಆತನ ರಕ್ಷಣೆಯೆಲ್ಲ ಕಾಲುಗಳಲ್ಲಿತ್ತು. ಪೆಟ್ಟು ಬರುವ ವೇಳೆಗೆ ಆತನು ಅಲ್ಲಿರುತ್ತಿರಲಿಲ್ಲ. 1967ರಿಂದ ಮೂರೂವರೆ ವರ್ಷ ಕಣದಿಂದ ದೂರವಿರಬೇಕಾಯಿತು. ಮರಳಿದಾಗ ಆ ಚುರುಕಿರಲಿಲ್ಲ. ಕೊರತೆಯನ್ನು ಜಾಣತನದಿಂದಲೂ, ಅದಕ್ಕಿಂತ ಹೆಚ್ಚಾಗಿ ಸಹನೆಯಿಂದಲೂ ತುಂಬಿದನು. 1974ರಲ್ಲಿ ಕಿನ್ಶಾಸಾದಲ್ಲಿ ಹಗ್ಗಕ್ಕೊರಗಿ ಫೋರ್‌ಮನ್ನನ ಹೊಡೆತಗಳನ್ನು ತಿಂದೇ ಗೆದ್ದನು. ಮರುವರ್ಷ ಮನಿಲಾದಲ್ಲಿ ಫ್ರೇಜಿಯರನೊಡನೆ 14 ಸುತ್ತು ಕಾದಿದನು. ಜಗತ್ತು ಕೊಂಡಾಡಿದ ಈ ಗೆಲುವುಗಳೇ ಆತನನ್ನು ಒಳಗಿನಿಂದ ಸವೆಸಿದುವೆಂದು ನನ್ನ ಅಭಿಪ್ರಾಯ.

1980ರ ಅಕ್ಟೋಬರ್ 2ರಂದು, 38ನೆಯ ವಯಸ್ಸಿನಲ್ಲಿ, ಹೋಮ್ಸನ ಪೆಟ್ಟುಗಳಿಂದ ತಪ್ಪಿಸಿಕೊಳ್ಳಲಾರದೆ ನಿಂತನು. 10 ಸುತ್ತುಗಳಾದ ಮೇಲೆ ಆತನ ಗುರು ಡಂಡಿಯೇ ಪಂದ್ಯವನ್ನು ನಿಲ್ಲಿಸಿದನು. ಆದರೂ 1981ರಲ್ಲಿ ಮತ್ತೊಮ್ಮೆ ಕಣಕ್ಕಿಳಿದು ಬರ್ಬಿಕ್‌ನಿಗೆ ಸೋತನು.