ಸಣ್ಣ ಎಂಜಿನನ್ನು ಪಂದ್ಯಕ್ಕೆ ಹದಗೊಳಿಸುವ ವಿದ್ಯೆಯ ಚರಿತ್ರೆ

ಯಲ್ಲದಕೆರೆಯಂತೆ ಕೆರೆಯ ಹೆಸರನ್ನೇ ಹೊತ್ತ ಊರಿನವರಿಗೆ ತೂಬಿನ ಮರ್ಮವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೆರೆಯಲ್ಲಿ ಎಷ್ಟೇ ನೀರಿರಲಿ, ಹೊಲಕ್ಕೆ ಸೇರುವುದು ತೂಬು ಬಿಟ್ಟಷ್ಟು ಮಾತ್ರ. ಕಾಲುವೆಯನ್ನು ಅಗಲಗೊಳಿಸಿದ ಮಾತ್ರಕ್ಕೆ ಪೈರು ನೆನೆಯದು. ನಾಲ್ಕು ಸ್ಟ್ರೋಕಿನ ಮೋಟಾರ್ ಸೈಕಲ್ ಎಂಜಿನ್ ಸಹ ಇದೇ ನ್ಯಾಯಕ್ಕೆ ಒಳಪಟ್ಟಿರುವುದು. ಅದಕ್ಕೆ ಗಾಳಿಯೇ ನೀರು, ವಾಲ್ವೇ ತೂಬು. ಆ ತೂಬು ಯಾವ ಕ್ಷಣದಲ್ಲಿ, ಎಷ್ಟು ಹೊತ್ತು, ಎಷ್ಟು ಎತ್ತರ ತೆರೆಯಬೇಕೆಂದು ನಿಶ್ಚಯಿಸುವ ವಿದ್ಯೆಯನ್ನೇ ಪಂದ್ಯದ ಮೇಸ್ತ್ರಿಗಳು ಟ್ಯೂನಿಂಗ್ ಎಂದು ಕರೆಯುವರು. ಸಾಹಿತ್ಯಪತ್ರಿಕೆಯಲ್ಲಿ ಎಂಜಿನಿನ ಮಾತೇಕೆಂದು ವಾಚಕರು ಶಂಕಿಸಬಹುದು. ಸದ್ದನ್ನೇ ಶಕ್ತಿಯೆಂದು ನಂಬಿ ಹೆದ್ದಾರಿಯಲ್ಲಿ ಜೀವವನ್ನು ಪಣಕ್ಕೊಡ್ಡುವ ತರುಣರು ಇರುವವರೆಗೆ ಈ ವಿದ್ಯೆಯ ನಿಜವಾದ ಚರಿತ್ರೆಯನ್ನು ಮನೆಗಳಲ್ಲಿ ಅರಿತಿರುವುದು ಒಳ್ಳೆಯದೆಂದು ನನ್ನ ಭಾವನೆ.

ನಾಲ್ಕು ಸ್ಟ್ರೋಕಿನ ಎಂಜಿನನ್ನು ೧೮೭೬ರಲ್ಲಿ ಜರ್ಮನಿಯ ನಿಕೋಲಾಸ್ ಓಟೋ ಎಂಬಾತನು ಬಳಕೆಗೆ ಬರುವಂತೆ ನಿರ್ಮಿಸಿದನು. ಸೇದುವುದು, ಒತ್ತುವುದು, ಉರಿಯುವುದು, ಉಗುಳುವುದು ಎಂಬಿವೇ ಅದರ ನಾಲ್ಕು ನಡೆಗಳು. ೧೮೮೫ರಲ್ಲಿ ಡೈಮ್ಲರ್ ಮತ್ತು ಮೇಬಾಕ್ ಎಂಬವರು ೨೬೪ ಘನ ಸೆಂಟಿಮೀಟರಿನ ಇಂತಹ ಎಂಜಿನನ್ನು ಮರದ ಚೌಕಟ್ಟಿನ ದ್ವಿಚಕ್ರದಲ್ಲಿ ಕೂಡಿಸಿದರು. ಅದರ ಶಕ್ತಿ ಅರ್ಧ ಅಶ್ವಬಲ ಮಾತ್ರ. ಅದರ ಒಳದಾರಿಯ ವಾಲ್ವು ಪಿಸ್ಟನ್ನಿನ ಸೆಳೆತದಿಂದ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ತೂಬು ತನ್ನಿಚ್ಛೆಯಂತೆ ತೆರೆಯುವಾಗ ನೀರುಗಂಟಿಗೆ ಕೆಲಸವೇನು? ವಾಲ್ವನ್ನು ಕ್ಯಾಮಿನಿಂದ ಎತ್ತುವ ಪದ್ಧತಿ ರೂಢಿಯಾದ ಮೇಲೆಯೇ ಈ ವಿದ್ಯೆಗೆ ಆಸ್ಪದವಾಯಿತು.

೧೯೦೭ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಪಂದ್ಯಗಳು ಆರಂಭವಾದವು. ಒತ್ತಡವನ್ನು ಹೆಚ್ಚಿಸಿದರೆ ಬಲವೂ ಹೆಚ್ಚುವುದೆಂದು ಮೇಸ್ತ್ರಿಗಳು ಬಲ್ಲವರಾಗಿದ್ದರು. ಆದರೆ ಒಂದು ಮೇರೆಯನ್ನು ದಾಟಿದೊಡನೆ ಎಂಜಿನ್ ಒಳಗೆ ಸುತ್ತಿಗೆಯಿಂದ ಬಡಿದಂತೆ ಸದ್ದು ಮಾಡಿ ಹಾಳಾಗುತ್ತಿತ್ತು. ಆಂಗ್ಲ ಯಂತ್ರಜ್ಞ ಹ್ಯಾರಿ ರಿಕಾರ್ಡೋ ಒತ್ತಡವನ್ನು ಬೇಕಾದಂತೆ ಬದಲಿಸಬಹುದಾದ ಪ್ರಯೋಗದ ಎಂಜಿನನ್ನು ರಚಿಸಿ, ಆ ಮೇರೆಯು ಇಂಧನದ ಗುಣವನ್ನು ಅವಲಂಬಿಸಿರುವುದೆಂದು ೧೯೨೦ರ ಸುಮಾರಿಗೆ ತೋರಿಸಿಕೊಟ್ಟನು. ೧೯೪೮ರಲ್ಲಿ ಆಸ್ಟ್ರೇಲಿಯಾದ ಫಿಲ್ ಇರ್ವಿಂಗ್ ‘ಟ್ಯೂನಿಂಗ್ ಫಾರ್ ಸ್ಪೀಡ್’ ಎಂಬ ಗ್ರಂಥವನ್ನು ಪ್ರಕಟಿಸಿದಾಗ ಕಾರ್ಖಾನೆಗಳ ಗುಟ್ಟು ಹವ್ಯಾಸಿಗಳ ಕೈಸೇರಿತು. ೧೯೫೯ರಲ್ಲಿ ಜಪಾನಿನ ಹೋಂಡಾ ಸಂಸ್ಥೆಯು ೧೨೫ ಘನ ಸೆಂಟಿಮೀಟರಿನ ಯಂತ್ರಗಳೊಡನೆ ಅದೇ ದ್ವೀಪಕ್ಕೆ ಬಂದಿತು. ೧೯೬೧ರಲ್ಲಿ ೧೨೫ ಮತ್ತು ೨೫೦ರ ಎರಡು ಪಂದ್ಯಗಳನ್ನೂ ಗೆದ್ದುಕೊಂಡಿತು. ಸಣ್ಣ ಎಂಜಿನನ್ನು ಅತಿ ವೇಗದಲ್ಲಿ ತಿರುಗಿಸಿ ದೊಡ್ಡದರ ಕೆಲಸವನ್ನು ಮಾಡಿಸಬಹುದೆಂಬುದು ಲೋಕಕ್ಕೆ ಆಗ ಮನವರಿಕೆಯಾಯಿತು.

ನಮ್ಮ ನಾಡಿನ ಕಥೆ ಬೇರೆ ದಾರಿಯಿಂದ ಬಂದಿತು. ಅದೇ ೧೯೬೧ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬರತೊಡಗಿದ ವಾಹನಗಳು ಎರಡು ಸ್ಟ್ರೋಕಿನವು. ಅವುಗಳಲ್ಲಿ ಅಂತಹ ವಾಲ್ವುಗಳೇ ಇಲ್ಲ. ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಅರದಿಂದ ಉಜ್ಜಿ ಎತ್ತರಿಸಿದರೆ ವೇಗದ ಗುಣವೇ ಬದಲಾಗುತ್ತಿತ್ತು. ಎರಡು ತಲೆಮಾರಿನ ಮೇಸ್ತ್ರಿಗಳು ವಿದ್ಯೆ ಕಲಿತದ್ದು ಇಂತಹ ಎಂಜಿನುಗಳ ಮೇಲೆಯೇ. ೧೯೮೫ರಲ್ಲಿ ಈ ದೇಶದ ಪೇಟೆಗೆ ಎರಡು ಬಗೆಯ ನೂರರ ಬಂಡಿಗಳು ಬಂದವು. ಎರಡು ಸ್ಟ್ರೋಕಿನ ಯಮಾಹಾ ಆರ್‌ಎಕ್ಸ್ ೧೦೦ ಸುಮಾರು ೧೧ ಅಶ್ವಬಲವನ್ನು ಕೊಟ್ಟರೆ, ನಾಲ್ಕು ಸ್ಟ್ರೋಕಿನ ಹೀರೋ ಹೋಂಡಾ ಸಿಡಿ ೧೦೦ ಸುಮಾರು ೭ನ್ನು ಮಾತ್ರ ಕೊಟ್ಟಿತು. ಮಿತವ್ಯಯದ ಗೃಹಸ್ಥನು ಎರಡನೆಯದನ್ನು ಕೊಂಡನು. ಪಂದ್ಯದ ಮೋಹವುಳ್ಳವನು ಮೊದಲನೆಯದನ್ನು ಬಯಸಿದನು. ಆದರೆ ಹೊಗೆಯ ಮೇಲಿನ ಕಟ್ಟುಪಾಡುಗಳು ಬಿಗಿಯಾಗುತ್ತ ಬಂದು, ೧೯೯೬ರಲ್ಲಿ ಮೈಸೂರಿನ ಕಾರ್ಖಾನೆಯೂ ಮುಚ್ಚಿ, ಕ್ರಮೇಣ ಪಂದ್ಯದ ಅಂಗಳವೂ ನಾಲ್ಕು ಸ್ಟ್ರೋಕಿನ ಪಾಲಾಯಿತು. ಅರವನ್ನು ನಂಬಿದ್ದ ಮೇಸ್ತ್ರಿಯು ಅಳತೆಗೋಲನ್ನು ಹಿಡಿಯಬೇಕಾಯಿತು.

ಆ ಅಳತೆಯ ಸೂಕ್ಷ್ಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಸಿಲಿಂಡರಿನ ವ್ಯಾಸ ೫೦ ಮಿಲಿಮೀಟರು, ಪಿಸ್ಟನ್ನಿನ ಓಟ ೪೯.೫ ಮಿಲಿಮೀಟರು ಇದ್ದರೆ ಎಂಜಿನಿನ ಗಾತ್ರ ೯೭.೨ ಘನ ಸೆಂಟಿಮೀಟರು. ಒತ್ತಡದ ಅನುಪಾತವು ೮.೮ ಇರುವಲ್ಲಿ ಉರಿಯುವ ಕೋಣೆಯ ಗಾತ್ರ ಸುಮಾರು ೧೨.೫ ಘನ ಸೆಂಟಿಮೀಟರು. ಅನುಪಾತವನ್ನು ೧೦ಕ್ಕೆ ಏರಿಸಲು ಅದನ್ನು ೧೦.೮ಕ್ಕೆ ಇಳಿಸಬೇಕು, ಸಿಲಿಂಡರಿನ ಬಾಯಿಯಲ್ಲಿ ಇದು ಒಂದು ಮಿಲಿಮೀಟರಿಗೂ ಕಡಮೆಯಾದ ಲೋಹವನ್ನು ಸವೆಸುವ ಕೆಲಸ. ಕೈತಪ್ಪಿ ಹೆಚ್ಚು ಸವೆಸಿದರೆ ಪಿಸ್ಟನ್ ವಾಲ್ವಿಗೆ ತಗುಲುವ ಭಯವಿದೆ. ನಿಮಿಷಕ್ಕೆ ೮೦೦೦ ಸುತ್ತಿನ ವೇಗದಲ್ಲಿ ವಾಲ್ವು ಸೆಕೆಂಡಿಗೆ ೬೭ರಷ್ಟು ಸಲ ತೆರೆದು ಮುಚ್ಚುವುದು. ಒಂದೊಂದು ಸಲ ಗಾಳಿಗೆ ದೊರೆಯುವ ಅವಕಾಶ ಸೆಕೆಂಡಿನ ಇನ್ನೂರನೆಯ ಒಂದು ಭಾಗದಷ್ಟು. ವೇಗವನ್ನು ೧೦೦೦೦ಕ್ಕೆ ಒಯ್ದರೆ ಬಿಡಿಭಾಗಗಳ ಮೇಲಿನ ಎಳೆತವು ಒಂದೂವರೆ ಪಟ್ಟಿಗಿಂತ ಮಿಗಿಲಾಗುವುದು. ಆಗ ಸ್ಪ್ರಿಂಗ್ ಸೋತರೆ ವಾಲ್ವು ಕ್ಯಾಮಿನ ಮಾತನ್ನು ಕೇಳದು.

ಕನ್ನಡನಾಡಿನ ಸವಾರರಿಗೆ ಮತ್ತೊಂದು ಪಾಠವಿತ್ತು. ರಸ್ತೆ ಪಂದ್ಯಗಳಿಗಾಗಿ ಅವರು ಬಹುಕಾಲ ಮದರಾಸಿನ ಬಳಿಯ ಶೋಳವರಂ ವಿಮಾನಪಟ್ಟಿಗೆ, ೧೯೯೦ರಿಂದೀಚೆಗೆ ಇರುಂಗಾಟ್ಟುಕೋಟೆಯ ಪಥಕ್ಕೆ ಇಳಿದುಹೋಗುತ್ತಿದ್ದರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಮೇಲಿರುವುದು; ಇಲ್ಲಿಯ ಗಾಳಿ ಕರಾವಳಿಯದಕ್ಕಿಂತ ನೂರಕ್ಕೆ ಎಂಟರಷ್ಟು ತೆಳುವು. ಇಲ್ಲಿ ಸರಿಯಾಗಿ ಹೊಂದಿಸಿದ ಕಾರ್ಬ್ಯುರೇಟರ್ ಅಲ್ಲಿಯ ದಟ್ಟ ಗಾಳಿಗೆ ಸಾಲುವಷ್ಟು ಪೆಟ್ರೋಲನ್ನು ಕೊಡದು. ಎಂಜಿನ್ ಕಾಯ್ದು ಪಿಸ್ಟನ್ ತೂತಾದೀತು. ಆದುದರಿಂದ ಬಲ್ಲವನು ಇಳಿದೊಡನೆ ಜೆಟ್ಟನ್ನು ಒಂದು ಅಂಶ ಹಿಗ್ಗಿಸಿ, ಸ್ವಲ್ಪ ಓಡಿಸಿ, ಪ್ಲಗ್ಗನ್ನು ಬಿಚ್ಚಿ ಅದರ ಬಣ್ಣವನ್ನು ವೈದ್ಯನು ನಾಲಗೆಯನ್ನು ನೋಡುವಂತೆ ಪರೀಕ್ಷಿಸುತ್ತಿದ್ದನು. ೨೦೨೦ರ ನಿಯಮಗಳ ತರುವಾಯ ಹೊಸ ಬಂಡಿಗಳಲ್ಲಿ ಗಣಕವೇ ಪೆಟ್ರೋಲನ್ನು ಅಳೆದು ಚಿಮ್ಮಿಸುವುದು. ಆದರೂ ಅದಕ್ಕೆ ಲೆಕ್ಕವನ್ನು ಬರೆದುಕೊಡುವವನು ಮನುಷ್ಯನೇ.

ಈಗ ಮೊದಲಿನ ಮಾತಿಗೆ ಬರೋಣ. ಸೈಲೆನ್ಸರನ್ನು ಕೊಯ್ದರೆ ಬಲ ಬರುವುದೆಂಬ ನಂಬಿಕೆ ತರುಣರಲ್ಲಿ ಬೇರೂರಿದೆ. ಹೊರಹೋಗುವ ಅನಿಲದ ಅಲೆಯೊಂದು ಕೊಳವೆಯ ತುದಿಯಿಂದ ಹಿಂದಿರುಗಿ ಸಿಲಿಂಡರನ್ನು ಬರಿದುಮಾಡಲು ನೆರವಾಗುವುದು; ಕೊಳವೆಯ ಉದ್ದವನ್ನು ಗೊತ್ತುಪಡಿಸುವುದು ಈ ಲೆಕ್ಕದಿಂದಲೇ. ಲೆಕ್ಕವಿಲ್ಲದೆ ಕೊಯ್ದವನಿಗೆ ದಕ್ಕುವುದು ಸದ್ದು ಮಾತ್ರ. ಕೆಲವು ವೇಳೆ ಮೊದಲಿದ್ದ ಬಲವೂ ಕುಂದುವುದು. ಕಾನೂನು ಸಹ ಸ್ಪಷ್ಟವಾಗಿದೆ: ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣವು ವಾಹನದ ಮೂಲಸ್ವರೂಪವನ್ನು ಮನಬಂದಂತೆ ಬದಲಿಸುವುದನ್ನೂ, ೧೮೯ನೆಯ ಪ್ರಕರಣವು ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಪಂದ್ಯವಾಡುವುದನ್ನೂ ನಿಷೇಧಿಸಿರುವುದು.

ಮಗನ ಕೈಗೆ ಮಸಿ ಹತ್ತಿದುದನ್ನು ಕಂಡು ತಂದೆತಾಯಿಗಳು ಬೇಸರಪಡಬೇಕಾಗಿಲ್ಲ. ಎಂಜಿನನ್ನು ಬಿಚ್ಚಿ, ಅಳೆದು, ಬರೆದಿಟ್ಟುಕೊಂಡು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ನೋಡುವ ಹುಡುಗನು ರಿಕಾರ್ಡೋ ನಡೆದ ಹಾದಿಯಲ್ಲೇ ಇರುವನು. ಅವನಿಗೆ ಬೇಕಾದುದು ಗದರಿಕೆಯಲ್ಲ. ಒಂದು ಅಳತೆಗೋಲು, ಒಂದು ಲೆಕ್ಕದ ಪುಸ್ತಕ, ಮತ್ತು ಓಡಿಸಲು ಹೆದ್ದಾರಿಯಲ್ಲದ ಒಂದು ಪಥ. ನೀರುಗಂಟಿಯ ಜಾಣ್ಮೆ ತೂಬನ್ನು ಒಡೆಯುವುದರಲ್ಲಿಲ್ಲ, ಹೊತ್ತರಿತು ಎತ್ತುವುದರಲ್ಲಿದೆ.