ಸೇಂತ್ ಓಮೇರಿನ ಸಿಡಿಲುಗಂಬಿ

ಮಳೆಗಾಲದ ಮೊದಲಲ್ಲಿ ಗುಡುಗು ಮೊಳಗಿದೊಡನೆ ಅರ್ಜುನನ ಹತ್ತು ಹೆಸರುಗಳನ್ನು ಉಚ್ಚರಿಸುವ ವಾಡಿಕೆ ಕನ್ನಡನಾಡಿನ ಮನೆಗಳಲ್ಲಿ ಬಹುಕಾಲದಿಂದ ಬಂದುದು. ಅಜ್ಜಿಯು ಮೊಮ್ಮಕ್ಕಳನ್ನು ನಡುಮನೆಗೆ ಕರೆದು ಹೆಸರುಗಳನ್ನು ಹೇಳಿಸುವಳು. ಗುಡುಗು ದೂರವಾಗುವವರೆಗೆ ಯಾರನ್ನೂ ಅಂಗಳಕ್ಕೆ ಇಳಿಯಗೊಡಳು. ಸಿಡಿಲು ಮೇಲಿನಿಂದ ಬರುವ ಆಪತ್ತು, ಅದರಿಂದ ಕಾಯತಕ್ಕವನೂ ಮೇಲಿನವನೇ ಎಂಬ ಭಾವನೆ ಒಂದೇ ದೇಶಕ್ಕೆ ಸೇರಿದುದಲ್ಲ. ಯೂರೋಪಿನಲ್ಲಿ ಅದು ಇಗರ್ಜಿಯ ಗಂಟೆಯ ರೂಪವನ್ನು ತಾಳಿತ್ತು. ಗುಡುಗು ಕೇಳಿಸಿದರೆ ಗೋಪುರದ ಗಂಟೆಯನ್ನು ಬಾರಿಸಬೇಕು. ಮಂತ್ರಪೂತವಾದ ಆ ನಾದಕ್ಕೆ ಮೋಡ ಚೆದರುವುದೆಂದು ಜನರ ನಂಬುಗೆ. ಊರಿಗೆಲ್ಲ ಎತ್ತರವಾದ ಕಟ್ಟಡವೇ ಆ ಗೋಪುರವೆಂಬುದನ್ನು ಯಾರೂ ಎಣಿಸಲಿಲ್ಲ. 1718ರ ಏಪ್ರಿಲಿನ ಒಂದು ರಾತ್ರಿ ಫ್ರಾನ್ಸಿನ ಬ್ರಿಟನಿ ಪ್ರಾಂತದಲ್ಲಿ 24 ಇಗರ್ಜಿಗಳಿಗೆ ಸಿಡಿಲು ಬಡಿಯಿತು. 1784ರಲ್ಲಿ ಮ್ಯೂನಿಕ್ ನಗರದಲ್ಲಿ ಅಚ್ಚಾದ ಒಂದು ಗ್ರಂಥವು, 33 ವರ್ಷಗಳಲ್ಲಿ 386 ಗೋಪುರಗಳಿಗೆ ಸಿಡಿಲೆರಗಿ ಗಂಟೆ ಬಾರಿಸುತ್ತಿದ್ದ 103 ಮಂದಿ ಮಡಿದರೆಂದು ಲೆಕ್ಕ ಕೊಟ್ಟಿತು. ಅಜ್ಜಿಯ ಪದ್ಧತಿಯಲ್ಲಿ ಮಕ್ಕಳು ಮನೆಯೊಳಗಾದರೂ ಇರುತ್ತಿದ್ದರು!

ಸಿಡಿಲೆಂಬುದು ವಿದ್ಯುತ್ತೇ ಎಂದು ಊಹಿಸಿ ಅದನ್ನು ಪರೀಕ್ಷಿಸುವ ಮಾರ್ಗವನ್ನು ತೋರಿದವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಅವನ ಸೂಚನೆಯಂತೆ 1752ರ ಮೇ 10ರಂದು ಫ್ರಾನ್ಸಿನ ಮಾರ್ಲಿ ಎಂಬ ಹಳ್ಳಿಯಲ್ಲಿ ನೆಟ್ಟಿದ್ದ ಎತ್ತರವಾದ ಕಬ್ಬಿಣದ ಸರಳಿನಿಂದ ಮೋಡದ ಕಿಡಿಯನ್ನು ಇಳಿಸಿ ತೋರಿಸಲಾಯಿತು. ಮರುವರ್ಷದ ತನ್ನ ಪಂಚಾಂಗದಲ್ಲಿಯೇ ಫ್ರಾಂಕ್ಲಿನನು ಗೃಹಸ್ಥರಿಗೆ ಉಪಾಯವನ್ನು ಹೇಳಿದನು: ಕಬ್ಬಿಣದ ಸರಳಿನ ಒಂದು ತುದಿ ಹಸಿನೆಲದಲ್ಲಿ ಮೂರು ನಾಲ್ಕು ಅಡಿ ಇಳಿದಿರಬೇಕು, ಇನ್ನೊಂದು ತುದಿ ಮನೆಯ ನೆತ್ತಿಗಿಂತ ಆರೆಂಟು ಅಡಿ ಮೇಲೆ ನಿಂತಿರಬೇಕು. ಇಷ್ಟೇ. ಆದರೆ ಇದರಲ್ಲಿ ನೆಲದ ಮಾತು ಎಷ್ಟು ಮುಖ್ಯವೆಂಬುದು ಆ ವರ್ಷವೇ ಘೋರವಾಗಿ ಸಿದ್ಧವಾಯಿತು. ಸೇಂಟ್ ಪೀಟರ್ಸ್‌ಬರ್ಗಿನ ಪಂಡಿತ ರಿಖ್ಮನ್ ಎಂಬವನು ಸರಳನ್ನು ನೆಲಕ್ಕೆ ಸೇರಿಸದೆ ತನ್ನ ಕೋಣೆಯ ಯಂತ್ರಕ್ಕೆ ಸೇರಿಸಿ ಮಿಂಚಿನ ಬಲವನ್ನು ಅಳೆಯಹೋಗಿ ಪ್ರಾಣ ಬಿಟ್ಟನು.

ಇಂಥ ಸುದ್ದಿಗಳು ಹಬ್ಬಿದ್ದುದರಿಂದ ಜನರು ಸರಳಿಗೆ ಅಂಜಿದುದರಲ್ಲಿ ಆಶ್ಚರ್ಯವಿಲ್ಲ. ಪ್ಯಾರಿಸಿನ ಪ್ರಸಿದ್ಧ ವಿದ್ಯುಚ್ಛಾಸ್ತ್ರಜ್ಞನಾದ ನೊಲೆ ಪಾದ್ರಿಯೇ, ಸರಳು ಸಿಡಿಲನ್ನು ತಡೆಯುವುದಕ್ಕಿಂತ ಕರೆಯುವುದೇ ಹೆಚ್ಚೆಂದು ವಾದಿಸಿದ್ದನು. ಪಂಡಿತನ ಸಂಶಯವು ಬೀದಿಗೆ ಬಂದರೆ ಭೀತಿಯಾಗುತ್ತದೆ. ಅದು ಒಂದು ಮನೆಯ ಮೇಲೆ ಬಿದ್ದ ಬಗೆ ಹೀಗೆ.

ಫ್ರಾನ್ಸಿನ ಉತ್ತರಭಾಗದ ಸೇಂತ್ ಓಮೇರ್ ಪಟ್ಟಣದಲ್ಲಿ ವಿಸೆರಿ ಎಂಬ ವೃದ್ಧ ವಕೀಲನಿದ್ದನು. ಶಾಸ್ತ್ರಾಭ್ಯಾಸದಲ್ಲಿ ಆಸಕ್ತಿಯಿದ್ದವನು. 1780ರಲ್ಲಿ ಅವನು ತನ್ನ ಮನೆಯ ಮೇಲೆ ಸಿಡಿಲುಗಂಬಿಯನ್ನು ನಿಲ್ಲಿಸಿದನು. ಕೂಡಲೇ ನೆರೆಹೊರೆಯವರು, ಅವನ ಕಂಬಿ ಸಿಡಿಲನ್ನು ಸೆಳೆದು ತಮ್ಮ ಮನೆಗಳ ಮೇಲೆ ಕೆಡಹುವುದೆಂದು ದೂರಿತ್ತರು. ಪಟ್ಟಣದ ಅಧಿಕಾರಿಗಳು ಜೂನ್ ತಿಂಗಳಲ್ಲಿ ಕಂಬಿಯನ್ನು ಕೀಳಬೇಕೆಂದು ಆಜ್ಞೆ ಮಾಡಿದರು. ತನ್ನ ಮಾಡನ್ನು ಕಾಪಾಡಿಕೊಳ್ಳಲು ಹೊರಟವನು ಊರಿಗೆ ಅಪರಾಧಿಯಾದನು. ವಿಸೆರಿಯು ಸುಮ್ಮನಿರಲಿಲ್ಲ, ಅರಾಸ್ ಪಟ್ಟಣದಲ್ಲಿದ್ದ ಮೇಲಿನ ನ್ಯಾಯಸ್ಥಾನಕ್ಕೆ ಮೊಕದ್ದಮೆ ಒಯ್ದನು.

ಅವನ ಪಕ್ಷದ ಹಿರಿಯ ವಕೀಲ ಬ್ಯುಸಾರ್ ಎಂಬವನು ಪಂಡಿತರ ಅಭಿಪ್ರಾಯಗಳನ್ನು ಕಲೆಹಾಕಿ ದೀರ್ಘವಾದ ಬಿನ್ನವತ್ತಳೆಯನ್ನು ಸಿದ್ಧಪಡಿಸಿದನು. ನ್ಯಾಯಾಧೀಶರ ಮುಂದೆ ವಾದಿಸಿದವನು ಮಾತ್ರ ಇಪ್ಪತ್ತೈದು ವರ್ಷದ ತರುಣ, ಹೆಸರು ರೋಬೆಸ್ಪಿಯರ್. ಮುಂದೆ ಮಹಾಕ್ರಾಂತಿಯ ಕಾಲದಲ್ಲಿ ಯಾರ ಹೆಸರಿಗೆ ಫ್ರಾನ್ಸೆಲ್ಲ ನಡುಗಿತೋ, 1794ರಲ್ಲಿ ಯಾರ ತಲೆಯೂ ಅದೇ ಶಿರಚ್ಛೇದಯಂತ್ರಕ್ಕೆ ಬಿತ್ತೋ, ಅವನೇ ಅಂದು ಒಬ್ಬ ಮುದುಕನ ಮನೆಯ ಕ್ಷೇಮಕ್ಕಾಗಿ ನಿಂತಿದ್ದನು. ನ್ಯಾಯಾಧೀಶರು ವಿದ್ಯುತ್ತಿನ ಸಿದ್ಧಾಂತಗಳ ಸತ್ಯಾಸತ್ಯವನ್ನು ತೀರ್ಮಾನಿಸಬೇಕಾಗಿಲ್ಲ, ಅನುಭವದಿಂದ ಕಂಡ ಸಂಗತಿಗಳನ್ನು ನೋಡಿದರೆ ಸಾಕು ಎಂಬುದು ಅವನ ವಾದದ ತಿರುಳು. ನಮ್ಮ ತಾರ್ಕಿಕರು ಇದನ್ನು ಪ್ರತ್ಯಕ್ಷ ಪ್ರಮಾಣವನ್ನು ಮುಂದೊಡ್ಡುವುದೆಂದು ಹೇಳಿಯಾರು. ವಾದವು ಜಾಣತನದ್ದು; ಶಾಸ್ತ್ರವನ್ನರಿಯದ ನ್ಯಾಯಾಧೀಶನಿಗೂ ಅದು ದಾರಿ ಬಿಡುತ್ತದೆ.

ಸಿದ್ಧಾಂತವನ್ನು ಬದಿಗಿರಿಸಿದುದು ಒಳ್ಳೆಯದೇ ಆಯಿತು. ಚೂಪಾದ ತುದಿಯು ಮೋಡದ ವಿದ್ಯುತ್ತನ್ನು ಸದ್ದಿಲ್ಲದೆ ಹೀರಿ ಸಿಡಿಲೇ ಬೀಳದಂತೆ ಮಾಡುವುದೆಂದು ಫ್ರಾಂಕ್ಲಿನನು ಎಣಿಸಿದ್ದನು. ಅದು ಹಾಗಲ್ಲವೆಂದು ಈಗ ತಿಳಿದಿದೆ. ಕಂಬಿಯು ಮೋಡವನ್ನು ಬರಿದುಮಾಡದು. ದೂರದ ಸಿಡಿಲನ್ನು ಕರೆತರುವುದೂ ಇಲ್ಲ. ಹತ್ತಿರ ಬಂದು ಆ ಮನೆಗೇ ಎರಗಲಿದ್ದ ಸಿಡಿಲನ್ನು ಮೊದಲು ತಾನು ಹಿಡಿದು, ಗೋಡೆ ಮರಮುಟ್ಟುಗಳನ್ನು ಬಿಟ್ಟು ಲೋಹದ ದಾರಿಯಿಂದ ನೆಲಕ್ಕೆ ಮುಟ್ಟಿಸುವುದಷ್ಟೇ ಅದರ ಕೆಲಸ. ಆದರೆ ನೆರೆಹೊರೆಯವರ ಅಂಜಿಕೆಯನ್ನು ಕೇವಲ ಅಜ್ಞಾನವೆಂದು ತಳ್ಳಿಬಿಡುವುದೂ ಸಲ್ಲದು. ಕಂಬಿ ನಡುವೆ ತುಂಡಾಗಿದ್ದರೆ, ಅಥವಾ ಅದರ ಬುಡ ಒಣಮಣ್ಣಿನಲ್ಲಿ ನಿಂತಿದ್ದರೆ, ಸಿಡಿಲು ದಾರಿ ಬಿಟ್ಟು ಪಕ್ಕದ ವಸ್ತುವಿಗೆ ನೆಗೆಯುತ್ತದೆ. ಕೆಟ್ಟ ಕಂಬಿಗಿಂತ ಕಂಬಿಯಿಲ್ಲದ ಮಾಡೇ ಲೇಸು.

1783ರ ಮೇ 31ರಂದು ತೀರ್ಪು ವಿಸೆರಿಯ ಪರವಾಗಿ ಬಂದು, ಕಂಬಿಯನ್ನು ಮತ್ತೆ ನಿಲ್ಲಿಸಲು ಅನುಮತಿ ದೊರೆಯಿತು. ತರುಣ ವಕೀಲನು ತನ್ನ ವಾದವನ್ನು ಅಚ್ಚುಹಾಕಿಸಿ ಆಗ ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಫ್ರಾಂಕ್ಲಿನನಿಗೆ ಒಂದು ಪ್ರತಿಯನ್ನು ವಿನಯದಿಂದ ಕಳುಹಿಸಿದನು. ಮೂರು ವರ್ಷ ಹೋರಾಡಿ ಗೆದ್ದ ವಿಸೆರಿಯು ಮರುವರ್ಷವೇ ತೀರಿಕೊಂಡನು.